‘ಕೀಬೋರ್ಡಿನ ಎಡಗೈ ಸಾಕು’ ಎನ್ನುವವರಿಗೆ



ಗಾಯನ ಮಂಡಳಿಗೆ ಒಂದು ಬಾಸ್ ಗಿಟಾರ್ ಬೇಕು ಎಂದು ನಾವು ಕೇಳಿದೆವು. ಸಿಕ್ಕಿದ ಉತ್ತರ ಮೂರೇ ಪದ: ‘ಕೀಬೋರ್ಡಿನ ಎಡಗೈ ಸಾಕು.’ ಹಾಗೆ ಹೇಳಿದವರು ನಮ್ಮವರೇ. ಹಬ್ಬದ ಖರ್ಚು, ಶಾಲೆಯ ಮಾಡು, ಸ್ಮಶಾನದ ಆವರಣ ಗೋಡೆ ಎಲ್ಲವನ್ನೂ ತೂಗಿಸಿಕೊಂಡು ಹೋಗುವವರು. ಆದರೂ ಉತ್ತರ ತಪ್ಪು. ಯಾಕೆ ತಪ್ಪು ಎಂದು ಇಲ್ಲಿ ಬರೆಯುತ್ತೇವೆ. ಸ್ವಲ್ಪ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇವೆ, ಓದುವವರು ಸಹಿಸಿಕೊಳ್ಳಬೇಕು.

ವಾದ ಮಾಡುವ ಮೊದಲು ಹಿರಿಯರ ಮಾತು ಕೇಳೋಣ ಎಂದು ಮಂಜೇಶ್ವರದ ಕಡೆಯಿಂದ ಬೇಳದ ಕಡೆಯವರೆಗೆ ಹಿಂದೆ ಬ್ಯಾಂಡಿನಲ್ಲಿಯೂ ಗಾಯನ ಮಂಡಳಿಯಲ್ಲಿಯೂ ನುಡಿಸಿದ ಕೆಲವರನ್ನು ಮಾತಾಡಿಸಿದೆವು. ಕೇಳಿದ್ದು ಒಂದೇ ಪ್ರಶ್ನೆ: ‘ಅಂಕಲ್, ಬಾಸ್ ಗಿಟಾರನ್ನು ಮೊದಲ ಸಲ ಕಣ್ಣಾರೆ ನೋಡಿದ್ದು ಯಾವಾಗ?’ ಐದು ನಿಮಿಷ ಸಾಕು ಎಂದು ಹೋದ ಮನೆಗಳಲ್ಲಿ ಚಹಾ ಎರಡು ಸಲ ಬಂತು.

ಒಬ್ಬರು ನೋಡಿದ್ದು ಮಂಗಳೂರಿನ ಮದುವೆ ಹಾಲಿನಲ್ಲಿ. ಎಲ್ಲರೂ ಊಟದ ಸಾಲಿಗೆ ಹೋದಾಗ ಅವರು ವೇದಿಕೆಯ ಬದಿಗೆ ಹೋಗಿ ನಿಂತರಂತೆ. ಕೆಂಪು ಬಣ್ಣದ ಉದ್ದ ಗಿಟಾರ್, ಎಣಿಸಿದರೆ ನಾಲ್ಕೇ ತಂತಿ. ‘ಪಾಪ, ಎರಡು ತಂತಿ ಹರಿದಿದೆ, ಆದರೂ ನುಡಿಸ್ತಾ ಇದ್ದಾರೆ ಅಂದುಕೊಂಡೆ ಮಾರಾಯ್ರೆ’ ಎಂದು ಈಗಲೂ ನಗುತ್ತಾರೆ. ಇನ್ನೊಬ್ಬರ ಭಾವ ಕೊಲ್ಲಿಯಿಂದ ಬರುವಾಗ ತಂದದ್ದು. ಬಾಂಬೆಗೆ ವಿಮಾನ, ಅಲ್ಲಿಂದ ಬಸ್ಸು. ಪೆಟ್ಟಿಗೆ ತೆರೆದಾಗ ಬಂದ ವಾರ್ನಿಷಿನ ವಾಸನೆ ಅವರಿಗೆ ಇವತ್ತಿಗೂ ನೆನಪಿದೆ. ಮುಟ್ಟಲು ಮಾತ್ರ ಒಂದು ವಾರ ಬಿಡಲಿಲ್ಲ. ಮೂರನೆಯವರು ಬಾಂಬೆಯಲ್ಲಿ ಕೆಲಸಕ್ಕಿದ್ದಾಗ ಅಂಗಡಿಯ ಗಾಜಿನ ಆಚೆ ನೇತುಹಾಕಿದ್ದನ್ನು ತಿಂಗಳುಗಟ್ಟಲೆ ನೋಡಿದವರು. ಒಳಗೆ ಹೋಗಿ ಕ್ರಯ ಕೇಳಿದ್ದು ಒಂದೇ ಸಲ. ‘ಕೇಳಿದ ಮೇಲೆ ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟೆ’ ಎಂದರು.

ನಮಗೆ ಆಶ್ಚರ್ಯವಾದದ್ದು ಬೇರೆ ಸಂಗತಿ. ಇವರೆಲ್ಲ ಬಾಸ್ ಗಿಟಾರನ್ನು ನೋಡುವುದಕ್ಕೆ ವರ್ಷಗಳ ಮೊದಲೇ ಅದರ ನಾದವನ್ನು ಬಲ್ಲವರು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಸಿನಿಮಾಗಳಿಗೆ ಇಳಯರಾಜ ಮಾಡಿದ ಸಂಗೀತ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದಿತ್ತು. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿದೆ ಎಂದು ಅವರ ಕಿವಿಗೆ ಗೊತ್ತಾಗಿತ್ತು. ಅದನ್ನು ನುಡಿಸುವ ವಸ್ತು ಯಾವುದೆಂದು ಗೊತ್ತಿರಲಿಲ್ಲ. ಹಾಗಾಗಿ ಮದುವೆ ಹಾಲಿನಲ್ಲಿ ಆ ನಾಲ್ಕು ತಂತಿಯನ್ನು ನೋಡಿದಾಗ, ಬಹಳ ಕಾಲ ಸ್ವರ ಮಾತ್ರ ಕೇಳಿದ್ದ ಒಬ್ಬ ಮನುಷ್ಯನ ಮುಖ ನೋಡಿದ ಹಾಗಾಯಿತು ಅವರಿಗೆ.

ನಮ್ಮ ಪೀಳಿಗೆಯದ್ದು ಇದರ ತಿರುಗುಮುರುಗು. ನಾವು ಎಲ್ಲವನ್ನೂ ನೋಡಿದ್ದೇವೆ. ಫೆಂಡರ್, ರಿಕನ್‌ಬ್ಯಾಕರ್, ಐದು ತಂತಿಯದು, ಆರು ತಂತಿಯದು, ಎಲ್ಲ ಫೋನಿನಲ್ಲಿದೆ. ಕೇಳಿದವರು ಕಡಿಮೆ. ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ಬಾಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಗುರಿನಷ್ಟು ದೊಡ್ಡ ಫೋನಿನ ಸ್ಪೀಕರಿಗೆ ಅಷ್ಟು ನಿಧಾನದ ಕಂಪನಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳುವ ಶಕ್ತಿಯೇ ಇಲ್ಲ. ಅದು ಹೊರಗೆ ಬಿಡುವುದು ಆ ಸ್ವರದ ಮೇಲಿನ ಅಂಶಗಳನ್ನು ಮಾತ್ರ. ಉಳಿದದ್ದನ್ನು ನಮ್ಮ ಮಿದುಳು ಊಹಿಸಿ ತುಂಬಿಸಿಕೊಳ್ಳುತ್ತದೆ. ಅಂದರೆ ‘ಯೂಟ್ಯೂಬಿನಲ್ಲಿ ಇದೆಯಲ್ಲ, ನೋಡಿ ಕಲಿಯಿರಿ’ ಎನ್ನುವವರು ನಮಗೆ ತೋರಿಸುತ್ತಿರುವುದು ಊಟದ ಫೋಟೋ. ಹಿರಿಯರಲ್ಲಿ ಒಬ್ಬರೂ ‘ಚಂದ ಕಾಣುತ್ತಿತ್ತು’ ಎಂಬಲ್ಲಿಗೆ ನಿಲ್ಲಿಸಲಿಲ್ಲ. ನೆಲ ನಡುಗಿದ್ದು, ಎದೆಗೆ ಬಂದು ತಾಗಿದ್ದು, ಕುರ್ಚಿಯ ಕೈಯಲ್ಲಿ ಸಣ್ಣ ಅದುರು ಬಂದದ್ದು, ಇದನ್ನೇ ಹೇಳಿದರು. ಅದು ಎದುರಿಗೆ ನಿಂತವನಿಗೆ ಮಾತ್ರ ಸಿಗುವಂಥದ್ದು.

ಈಗ ‘ಎಡಗೈ’ ವಿಷಯ. ಕೀಬೋರ್ಡಿನಲ್ಲಿ ಎಡಗೈಯಿಂದ ಕಾರ್ಡ್ ಒತ್ತಿದರೆ ಒಳಗಿನ ಯಂತ್ರವೇ ಡ್ರಮ್ಮು, ಬಾಸು ಎಲ್ಲ ಬಾರಿಸುತ್ತದೆ. ಅನುಕೂಲವೇ, ಇಲ್ಲ ಎನ್ನುವುದಿಲ್ಲ. ಒಬ್ಬನೇ ಹುಡುಗ ಇಡೀ ಮಂಡಳಿಯನ್ನು ಸುಧಾರಿಸಿಕೊಂಡು ಹೋದ ಭಾನುವಾರಗಳು ನಮ್ಮಲ್ಲಿ ಬೇಕಾದಷ್ಟು ಇವೆ. ಆದರೆ ಆ ಯಂತ್ರಕ್ಕೆ ಕಿವಿಯಿಲ್ಲ. ಕಾಣಿಕೆಯ ಮೆರವಣಿಗೆಯಲ್ಲಿ ವಯಸ್ಸಾದ ಬಾಯಿಯೊಬ್ಬರು ನಿಧಾನವಾಗಿ ನಡೆಯುತ್ತಿದ್ದರೆ ಅದು ಕಾಯುವುದಿಲ್ಲ. ಹಿಂದಿನ ಬೆಂಚಿನವರು ಅರ್ಧ ಮಾತ್ರೆ ಹಿಂದೆ ಬಿದ್ದರೆ ಅದು ಹಿಂದೆ ಬರುವುದಿಲ್ಲ. ಜನ ಯಂತ್ರದ ಹಿಂದೆ ಓಡಬೇಕು. ಓಡಿ ಸುಸ್ತಾಗಿ ಕೊನೆಗೆ ಹಾಡುವುದನ್ನೇ ಬಿಡುತ್ತಾರೆ. ಆಮೇಲೆ ‘ಜನ ಹಾಡುವುದಿಲ್ಲ’ ಎಂದು ಸಭೆಯಲ್ಲಿ ದೂರು! ಬಾಸ್ ನುಡಿಸುವವನ ಕೆಲಸ ಇದರ ಉಲ್ಟಾ. ಅವನು ಡ್ರಮ್ಮನ್ನು ಕೇಳಬೇಕು, ಹಾಡುವವರ ಉಸಿರನ್ನು ಕೇಳಬೇಕು, ಇಬ್ಬರ ನಡುವೆ ನೆಲ ಹಾಕಬೇಕು. ಅವನು ತಪ್ಪಿದರೆ ಯಾರಿಗೂ ಯಾಕೆಂದು ಗೊತ್ತಾಗುವುದಿಲ್ಲ, ಎಲ್ಲರಿಗೂ ಏನೋ ಸರಿಯಿಲ್ಲ ಎಂದು ಮಾತ್ರ ಗೊತ್ತಾಗುತ್ತದೆ. ಸರಿಯಾಗಿ ನುಡಿಸಿದರೆ ಅವನನ್ನು ಯಾರೂ ಗಮನಿಸುವುದೂ ಇಲ್ಲ. ಇಂಥ ಸೇವೆಗಿಂತ ಯುವಕರಿಗೆ ಕಲಿಸಬೇಕಾದ ಬೇರೆ ಸೇವೆ ಯಾವುದು ಎಂದು ನಮಗೆ ತಿಳಿಯದು.

‘ಅದು ರಾಕ್ ಸಂಗೀತದ ವಾದ್ಯ, ದೇವಾಲಯಕ್ಕೆ ಒಗ್ಗದು’ ಎಂಬ ಆಕ್ಷೇಪ ಗಂಭೀರವಾದದ್ದು, ತಳ್ಳಿಹಾಕುವುದು ಸರಿಯಲ್ಲ. 1967ರ ‘ಮ್ಯೂಸಿಕಮ್ ಸಾಕ್ರಮ್’ ಎಂಬ ರೋಮ್‌ನ ಸೂಚನೆಯ 63ನೇ ಪರಿಚ್ಛೇದ, ಜನರ ಅಭಿಪ್ರಾಯದಲ್ಲಿಯೂ ಬಳಕೆಯಲ್ಲಿಯೂ ಲೌಕಿಕ ಸಂಗೀತಕ್ಕೆ ಮಾತ್ರ ಹೊಂದುವ ವಾದ್ಯಗಳನ್ನು ಆರಾಧನೆಯಿಂದ ಹೊರಗಿಡಬೇಕೆಂದು ಹೇಳುತ್ತದೆ. ಹಿರಿಯರು ಅದನ್ನು ತೋರಿಸಿದರೆ ನಾವು ಓದುತ್ತೇವೆ. ಅವರು ಅದೇ ಪರಿಚ್ಛೇದದ ಉಳಿದ ವಾಕ್ಯಗಳನ್ನೂ ಓದಬೇಕು: ವಾದ್ಯಗಳ ವಿಷಯದಲ್ಲಿ ಆಯಾ ಜನರ ಸಂಸ್ಕೃತಿ, ಪರಂಪರೆಯನ್ನು ಗಮನಿಸಬೇಕೆಂದು ಅಲ್ಲಿಯೇ ಇದೆ. 1963ರ ಡಿಸೆಂಬರ್ 4ರಂದು ಹೊರಬಂದ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನದ 120ನೇ ಪರಿಚ್ಛೇದವೂ ಪೈಪ್ ಆರ್ಗನಿಗೆ ಮೊದಲ ಗೌರವ ಕೊಟ್ಟು, ತಕ್ಕ ಅಧಿಕಾರಿಗಳ ಒಪ್ಪಿಗೆಯಿಂದ ಬೇರೆ ವಾದ್ಯಗಳಿಗೂ ಬಾಗಿಲು ತೆರೆದಿದೆ. ಇನ್ನೂ ಹಿಂದಕ್ಕೆ ಹೋದರೆ, 1903ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು ಚರ್ಚಿನೊಳಗೆ ನಿಷೇಧಿಸಿದ ವಾದ್ಯ ಯಾವುದು ಗೊತ್ತೇ? ಪಿಯಾನೋ. ಡ್ರಮ್ಮಿನ ಜೊತೆಗೇ ಅದನ್ನೂ ಹೊರಗೆ ನಿಲ್ಲಿಸಿದ್ದರು. ಇವತ್ತು ನಮ್ಮ ಕೀಬೋರ್ಡಿನಲ್ಲಿ ಮೊದಲ ಗುಂಡಿಯೇ ಪಿಯಾನೋ, ಅದನ್ನು ಒತ್ತಿ ಪರಮಪ್ರಸಾದದ ಹಾಡು ನುಡಿಸುವಾಗ ಯಾರಿಗೂ ಮುಜುಗರವಿಲ್ಲ.

ಪೈಪ್ ಆರ್ಗನಿನ ಮಾತು ಬಂತಲ್ಲ. ಅದರಲ್ಲಿ ಕಾಲಿನಿಂದ ತುಳಿಯುವ ಸ್ವರಗಳಿವೆ. ಹದಿನಾರು ಅಡಿಯ ಕೊಳವೆಯ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 33 ಕಂಪನ. ಬಾಸ್ ಗಿಟಾರಿಗಿಂತಲೂ ಕೆಳಗೆ! ಅಂದರೆ ನೆಲ ನಡುಗಿಸುವ ನಾದ ಚರ್ಚಿಗೆ ಹೊಸತಲ್ಲ. ಹೊಸತಾಗಿರುವುದು ನಮ್ಮಂಥ ಹಳ್ಳಿಯ ಚರ್ಚುಗಳಿಗೆ, ಯಾಕೆಂದರೆ ನಮ್ಮಲ್ಲಿ ಅಂಥ ಆರ್ಗನ್ ಇಡುವ ಜಾಗವೂ ಇಲ್ಲ, ಹಣವೂ ಇಲ್ಲ. ನಾಲ್ಕು ಕಿಲೋ ತೂಕದ ಒಂದು ಮರದ ತುಂಡು ಆ ಕೆಲಸದ ಬಹುಪಾಲನ್ನು ಮಾಡಿಕೊಡುತ್ತದೆ. ಹೊರಗಿನದು, ವಿದೇಶದ್ದು ಎಂಬ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ಕ್ರಿಸ್ತನ ಕೊನೆಯ ದಿನದ ಕಥೆಯನ್ನು ‘ಗೊಲ್ಗೊಥಾ’ ಎಂದು ಕನ್ನಡದ ಖಂಡಕಾವ್ಯ ಮಾಡಿದವರು ಮಂಜೇಶ್ವರದ ಗೋವಿಂದ ಪೈಗಳು. ಆ ಊರಿನ ಪಕ್ಕದಲ್ಲಿ ಕುಳಿತು ಒಳಗಿನದು ಹೊರಗಿನದು ಎಂದು ಲೆಕ್ಕ ಹಾಕುವುದು ನಮಗೆ ಶೋಭಿಸದು.

ಹಣದ ಮಾತಿಗೆ ಬರೋಣ. ಇಲ್ಲಿ ಹಿರಿಯರಿಗಿಂತ ಹೆಚ್ಚು ನಮ್ಮ ವಯಸ್ಸಿನವರ ಜೊತೆಯೇ ನಮಗೆ ಜಗಳವಿದೆ. ಬಾಸ್ ಎಂದ ಕೂಡಲೇ ‘ತೆಗೊಳ್ಳುವುದಾದರೆ ಫೆಂಡರೇ, ಇಲ್ಲದಿದ್ದರೆ ಬೇಡ’ ಎನ್ನುವ ಒಂದು ಗುಂಪಿದೆ. ಲಕ್ಷ ದಾಟುವ ವಾದ್ಯದ ಚಿತ್ರವನ್ನು ಫೋನಿನ ಮುಖಕ್ಕೆ ಹಾಕಿಕೊಂಡು ವರ್ಷಗಟ್ಟಲೆ ಒಂದು ತಂತಿಯನ್ನೂ ಮುಟ್ಟದವರು. ಫೆಂಡರ್ ಕಂಪನಿಯನ್ನು ನಾವೂ ಗೌರವಿಸುತ್ತೇವೆ. 1951ರಲ್ಲಿ ಲಿಯೋ ಫೆಂಡರ್ ‘ಪ್ರಿಸಿಷನ್ ಬಾಸ್’ ತರುವ ಮೊದಲು ಬ್ಯಾಂಡುಗಳು ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗಬೇಕಿತ್ತು. ಪಟ್ಟಿಗಳನ್ನು ಹಾಕಿದ್ದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ, ಅದಕ್ಕೇ ಆ ಹೆಸರು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನ ಆಸೆಪಟ್ಟು ನೋಡಿದ ಬಾಸ್‌ಗಳಲ್ಲಿ ಒಂದು ಪಾಲ್ ಮೆಕಾರ್ಟ್ನಿಯವರ ಪಿಟೀಲಿನ ಆಕಾರದ ಹಾಫ್ನರ್. 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅದನ್ನು ಕೊಂಡದ್ದು ಸುಮಾರು 30 ಪೌಂಡಿಗೆ. ಯಾಕೆ? ಫೆಂಡರಿಗೆ ನೂರು ಪೌಂಡಿನಷ್ಟು ಬೇಕಿತ್ತು, ಕೈಯಲ್ಲಿ ಅಷ್ಟಿರಲಿಲ್ಲ. ಎಡಗೈ ವಾದಕನಾದ ಅವರಿಗೆ, ಎರಡೂ ಬದಿ ಒಂದೇ ಆಕಾರದ ಆ ವಾದ್ಯ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುವುದಿಲ್ಲ ಎಂಬುದೊಂದು ಲಾಭ. ಇವತ್ತು ಜನ ಅದನ್ನೇ ಬೇಕು ಎನ್ನುತ್ತಾರೆ. ಕಲಿಯುವವರಿಗೆ ಸಾಕಾಗುವ ಹೊಸ ಬಾಸ್ ಈಗ ಹತ್ತು ಹದಿನೈದು ಸಾವಿರದ ಆಸುಪಾಸಿಗೆ ಬರುತ್ತದೆ. ನಮ್ಮ ಹಬ್ಬದ ಒಂದು ಸಂಜೆಯ ಧ್ವನಿ-ಬೆಳಕಿನ ಬಿಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಡುಮದ್ದಿನ ಬಿಲ್ಲನ್ನೂ ಬೇಕಾದರೆ ಇಡಿ.

ಅದೇ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ಕಳವಾಯಿತು. ಐವತ್ತು ವರ್ಷ ದಾಟಿದ ಮೇಲೆ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿತ್ತೆಂದು ಗೊತ್ತಾಗಿ, 2024ರ ಫೆಬ್ರವರಿಯಲ್ಲಿ ಅದು ಮಾಲೀಕರ ಕೈಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಓದಿದಾಗ ನಮಗೆ ನೆನಪಾದದ್ದು ನಮ್ಮ ವಾಳೆಗಳ ಅಟ್ಟಗಳು. ಕೊಲ್ಲಿಯಿಂದ ಬಂದ ಗಿಟಾರುಗಳು, ಬಾಸುಗಳು ಎಷ್ಟೋ ಮನೆಯಲ್ಲಿ ಹಳೆ ಸೀರೆ ಸುತ್ತಿಕೊಂಡು ಮಲಗಿವೆ. ನುಡಿಸುತ್ತಿದ್ದವರಿಗೆ ಬೆರಳು ಬಗ್ಗುವುದಿಲ್ಲ, ಮಕ್ಕಳು ಕೆನಡಾದಲ್ಲಿ. ಕೇಳಿದರೆ ‘ಅದು ಅಪ್ಪನ ನೆನಪು, ಕೊಡುವುದು ಹೇಗೆ?’ ಎನ್ನುತ್ತಾರೆ. ಆ ಅಪ್ಪ ಒಂದು ಕಾಲದಲ್ಲಿ ವೇದಿಕೆಯ ಬದಿಯಲ್ಲಿ ನಿಂತು ತಂತಿ ಎಣಿಸಿದ ಹುಡುಗ ಎಂಬುದನ್ನು ಆ ಮನೆಯವರಿಗೆ ಯಾರಾದರೂ ಹೇಳಬೇಕು.

ಹತ್ತನೆಯ ಆಜ್ಞೆಯನ್ನು ನಮಗೆ ನೆನಪಿಸಿದವರೂ ಇದ್ದಾರೆ: ಪರರ ಸೊತ್ತಿಗೆ ಆಸೆಪಡಬಾರದು. ಒಪ್ಪಿದೆವು. ನಾವು ಪಕ್ಕದ ಮನೆಯವನ ಬಾಸನ್ನು ಕಸಿದುಕೊಳ್ಳಲು ಹೊರಟಿಲ್ಲ. ಎಲ್ಲರದ್ದಾಗಿ, ಗ್ಯಾಲರಿಯಲ್ಲಿ ಮೊಳೆಗೆ ನೇತುಹಾಕಿದ ಒಂದನ್ನು ಕೇಳುತ್ತಿದ್ದೇವೆ. ಕೀಲಿ ಹಾಕಿದ ಕಪಾಟಿನಲ್ಲಿ ಅಲ್ಲ. ಕೀಲಿ ಯಾರ ಕೈಯಲ್ಲಿ ಎಂಬ ಜಗಳದಲ್ಲಿಯೇ ಅರ್ಧ ವಾದ್ಯಗಳು ತುಕ್ಕು ಹಿಡಿದದ್ದು.

ಇನ್ನೊಂದು ಮಾತು, ಇದು ಹುಡುಗರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ಗಾಯನ ಮಂಡಳಿಯಲ್ಲಿ ಹುಡುಗಿಯರು ಹಾಡುತ್ತಾರೆ, ಹುಡುಗರು ನುಡಿಸುತ್ತಾರೆ. ಯಾರು ಮಾಡಿದ ನಿಯಮವೋ ದೇವರೇ ಬಲ್ಲ. 1963ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಒಂದು ಧ್ವನಿಮುದ್ರಣಕ್ಕೆ ಬಾಸ್ ವಾದಕ ಬರಲಿಲ್ಲ, ಗಿಟಾರ್ ನುಡಿಸಲು ಬಂದಿದ್ದ ಕ್ಯಾರಲ್ ಕೇ ಅದನ್ನು ಎತ್ತಿಕೊಂಡರು. ಆಮೇಲೆ ಆ ಊರಿನ ಸ್ಟುಡಿಯೋಗಳಲ್ಲಿ ಅತಿ ಬೇಡಿಕೆಯ ಬಾಸ್ ವಾದಕರಲ್ಲಿ ಅವರೂ ಒಬ್ಬರಾದರು. ನಮ್ಮ ದೇಶದಲ್ಲಿಯೇ ಮುಂಬೈಯ ಮೋಹಿನಿ ಡೇ ಇದ್ದಾರೆ, ಎ. ಆರ್. ರೆಹಮಾನರ ಜೊತೆ ನುಡಿಸಿದವರು. ಅವರ ಅಪ್ಪನೂ ಬಾಸ್ ವಾದಕರೇ. ಮನೆಯಲ್ಲಿ ವಾದ್ಯ ಕಣ್ಣೆದುರಿಗೆ, ಕೈಗೆಟಕುವಲ್ಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಪಾಲನಾ ಸಮಿತಿಯವರ ಮುಂದೆ ನಮ್ಮ ಬೇಡಿಕೆ ಚಿಕ್ಕದು. ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬ. ಅದಕ್ಕೆ ಹತ್ತಿರದ ಭಾನುವಾರ ಎರಡನೇ ಪೂಜೆಯ ನಂತರ ಹಾಲ್ ಎರಡು ಗಂಟೆ ನಮಗೆ ಬಿಟ್ಟುಕೊಡಿ. ಭಾಷಣ ಬೇಡ, ಶಾಲು ಬೇಡ, ಉದ್ಘಾಟನೆಯೂ ಬೇಡ. ಅಟ್ಟದಲ್ಲಿ ಬಾಸ್ ಇರುವವರು ಇಳಿಸಿಕೊಂಡು ಬನ್ನಿ, ತಂತಿ ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಹೊಸ ತಂತಿ ನಾವು ಮಂಗಳೂರಿನಿಂದ ತರಿಸುತ್ತೇವೆ. ಹಳೆಯ ವಾದಕರು ಬರಲಿ, ಬೆರಳು ಬಗ್ಗದಿದ್ದರೆ ಕುಳಿತು ಹೇಳಿಕೊಡಲಿ. ಜ್ಞಾನೋಪದೇಶದ ತರಗತಿಯ ಮಕ್ಕಳಿಂದ ಹಿಡಿದು ಯಾರು ಬೇಕಾದರೂ ಮುಟ್ಟಬಹುದು, ಮೊದಲು ಹುಡುಗಿಯರು. ಆಂಪ್ಲಿಫಯರ್ ತರುವವರು ಉದ್ದದ ಎಕ್ಸ್‌ಟೆನ್ಷನ್ ವಯರೂ ತನ್ನಿ, ಹಾಲಿನ ಪ್ಲಗ್ ಪಾಯಿಂಟ್ ವೇದಿಕೆಯಿಂದ ಬಹಳ ದೂರದಲ್ಲಿದೆ.