ವಾರದ ಮಧ್ಯೆ ಖಾಲಿ ಬೀಳೋ ಕೋಣೆ ಮತ್ತು ಲಿಂಕ್ಡ್‌ಇನ್

ಮಳೆ ಎರಡು ದಿನ ಬಿಡುವು ಕೊಡ್ತು, ಆ ಬಿಡುವಲ್ಲೇ ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ ಹೊಡೆಸಿ ಮುಗೀತು. ಇವತ್ತು ತೋಟ ಬಿಟ್ಟು ಹೋಂಸ್ಟೇ ವಿಷಯ ಬರೀತೀನಿ. "ನಿಮಗೆ ಮಂಗಳವಾರ, ಬುಧವಾರನೂ ಗೆಸ್ಟ್ ಹ್ಯಾಗೆ ಬರ್ತಾರೆ ಮಾರಾಯ್ರೆ?" ಅಂತ ಈ ವಾರ ಮೂರು ಜನ ಕೇಳಿದ್ರು.

ನಮ್ಮದು ಎರಡೂವರೆ ಎಕರೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲೊಂದನ್ನೇ ನಂಬಿ ಕೂರೋ ಹಾಗಿಲ್ಲ. ಹಳೇ ಮನೆಯ ಮೂರು ಕೋಣೆ ಸರಿ ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ ಶುರು ಮಾಡಿದ್ವಿ. ಶನಿವಾರ, ಭಾನುವಾರ ಕೋಣೆ ಸಾಲೋದಿಲ್ಲ. ಸೋಮವಾರದಿಂದ ಗುರುವಾರ ಖಾಲಿ. ಬ್ಯಾಂಕಿನ ಬಡ್ಡಿ ಮಾತ್ರ ಏಳೂ ದಿನ ಬೆಳೀತದೆ.

ಇನ್‌ಸ್ಟಾಗ್ರಾಂ ನೋಡಿ ಬರೋರು ಜಲಪಾತ ಎಷ್ಟು ದೂರ, ರಾತ್ರಿ ಹಾಡು ಹಾಕಬಹುದಾ ಅಂತ ಕೇಳ್ತಾರೆ. ತಪ್ಪಲ್ಲ, ಆದ್ರೆ ಅವರಿಗೆ ರಜೆ ಸಿಗೋದೇ ವಾರದ ಕೊನೆಗೆ. ವಾರದ ಮಧ್ಯೆ ಬರಬಲ್ಲೋರು ಅಂದ್ರೆ ಆಫೀಸಿನ ಖರ್ಚಲ್ಲಿ ಬರೋ ತಂಡದವರು. ಅದನ್ನ ಗೊತ್ತು ಮಾಡೋ ಎಚ್‌ಆರ್, ಅಡ್ಮಿನ್ ಜನ ಸಿಗೋದು ಲಿಂಕ್ಡ್‌ಇನ್‌ನಲ್ಲಿ. 2003ರಲ್ಲಿ ಶುರುವಾದ ಈ ಜಾಲ ಕೆಲಸ ಹುಡುಕೋರಿಗೆ ಮಾತ್ರ ಅಂತ ನಾನೂ ತಿಳ್ಕೊಂಡಿದ್ದೆ. "ಅಪ್ಪ, ಇಲ್ಲಿ ಕಂಪನಿ, ಹುದ್ದೆ ಹಾಕಿ ಜನರನ್ನ ಹುಡುಕಬಹುದು" ಅಂತ ಮಗಳು ತೋರಿಸಿಕೊಟ್ಲು.

ಹೆಸರಿನ ಕೆಳಗೆ ಸ್ಥಾಪಕ, ಸಿಇಒ ಅಂತೆಲ್ಲ ಹಾಕಲಿಲ್ಲ. "ಅಡಿಕೆ ಬೆಳೆಗಾರ, ಮನೆಯಲ್ಲಿ ಹತ್ತು ಜನರ ತಂಡಕ್ಕೆ ಊಟ, ವಸತಿ" ಅಂತ ಒಂದೇ ಸಾಲು. ಹೋಂಸ್ಟೇ ಹೆಸರಲ್ಲಿ ಬೇರೆ ಪೇಜೂ ಇದೆ, ಫೋಟೋ, ದಾರಿ ತೋರಿಸೋಕೆ. ಆದ್ರೆ ಜನ ಮಾತಾಡ್ಸೋದು ಮನುಷ್ಯನನ್ನ, ಬೋರ್ಡನ್ನಲ್ಲ. ವಾರಕ್ಕೊಂದು ಬರಹ ನಾನು ಕನ್ನಡದಲ್ಲಿ ಹೇಳ್ತೀನಿ, ಮಗಳು ಇಂಗ್ಲಿಷ್ ಮಾಡಿ ಹಾಕ್ತಾಳೆ. ಒಮ್ಮೆ ಬೋರ್ಡೋ ದ್ರಾವಣದ ಬಗ್ಗೆ ಬರೆದೆ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಕೊನೆಗಾರ ಮರ ಹತ್ತಿ ಒಂದೊಂದು ಗೊನೆಗೂ ಹೊಡೀಬೇಕು. ಅದನ್ನ ಓದಿದ ಬೆಂಗಳೂರಿನ ಒಬ್ಬರು "ನಮ್ಮ ಹುಡುಗರಿಗೆ ಇದನ್ನ ತೋರಿಸ್ತೀರಾ?" ಅಂದ್ರು. ಎಂಟು ಜನ ಬಂದ್ರು.

ಎಡವಿದ್ದೂ ಅಲ್ಲೇ. ಪೇಜಿನಲ್ಲಿ "ವೈಫೈ ಇದೆ" ಅಂತ ಹಾಕಿದ್ದೆ. ಜೋರು ಮಳೆಗೆ ಕರೆಂಟು ಹೋಯ್ತು, ಹಿಂದೇನೇ ನೆಟ್ಟೂ ಹೋಯ್ತು. ಅವರಲ್ಲೊಬ್ಬ ಹುಡುಗನಿಗೆ ಮುಖ್ಯವಾದ ಮೀಟಿಂಗ್ ಇತ್ತು. ಫೋನ್ ಹಿಡ್ಕೊಂಡು ಗುಡ್ಡ ಹತ್ತಿ ಒದ್ದೆಯಾಗಿ ಬಂದ. ಬೈಯಲಿಲ್ಲ, ಆದ್ರೆ ಅವನ ಮುಖ ನೋಡೋಕೆ ನನಗಾಗಲಿಲ್ಲ. ಅವತ್ತು ರಾತ್ರಿಯೇ ಮಗಳಿಗೆ ಹೇಳಿ ತಿದ್ದಿಸಿದೆ: "ಮಳೆಗಾಲದಲ್ಲಿ ಕರೆಂಟು, ನೆಟ್ಟು ನಂಬಬೇಡಿ. ಇಂಬಳ ಇರ್ತವೆ." ಕೇಳೋರು ಕಮ್ಮಿ ಆದ್ರು. ಬಂದೋರು ಮಾತ್ರ ತಯಾರಾಗೇ ಬಂದ್ರು, ನಾಲ್ಕು ಜನಕ್ಕೆ ಹೇಳಿದ್ರು.

ನನ್ನ ಅಭಿಪ್ರಾಯ ಇಷ್ಟೆ. ಲಿಂಕ್ಡ್‌ಇನ್‌ನಲ್ಲಿ ನಾವು ಬರೆಯೋದು ನಮ್ಮ ಹೆಸರಲ್ಲಿ, ನಮ್ಮ ಮುಖ ಇಟ್ಟು. ಅಲ್ಲಿ ಹೇಳಿದ ಸುಳ್ಳು ಹೋಂಸ್ಟೇಗಲ್ಲ, ನಮಗೇ ಅಂಟ್ಕೊಳ್ತದೆ. ದುಡ್ಡು ಕೊಟ್ರೆ ಫಾಲೋವರ್ಸ್ ಮಾಡಿಕೊಡ್ತೀವಿ ಅನ್ನೋರು ಬಂದ್ರೆ ಕಾಫಿ ಕೊಟ್ಟು ಕಳಿಸಿ. ನಮಗೆ ಬೇಕಾಗಿರೋದು ಸಾವಿರ ಜನ ಅಲ್ಲ, ತಿಂಗಳಿಗೆ ಎರಡು ತಂಡ. ಅದಕ್ಕಿಂತ ಜಾಸ್ತಿ ಬಂದ್ರೆ ಅಡುಗೆಮನೆಯಲ್ಲಿ ನಮ್ಮನೆಯವಳು ಸುಸ್ತಾಗ್ತಾಳೆ, ಬೇಸಿಗೆಯಲ್ಲಿ ಬಾವಿ ತಳ ಕಾಣ್ತದೆ.

ಒಂದು ಕಿವಿಮಾತು: ಕಂಪನಿಯವರು ಬಿಲ್ ಕೇಳೇ ಕೇಳ್ತಾರೆ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ, ಅದನ್ನ ಮೊದಲೇ ಹೇಳಿಬಿಡಿ. ಬಂದ ಮೇಲೆ ಹೇಳಿದ್ರೆ ಮುಜುಗರ.

ಮತ್ತೆ ಮೋಡ ಕಟ್ತಾ ಇದೆ. ಕೊಟ್ಟಿಗೆ ಕಡೆ ಹೋಗ್ಬೇಕು.