ಕಂಡಕ್ಟರಿಗೆ ಸೀಟಿ ಇದೆ, ಅಂಬಿಗನಿಗೆ ಏನಿದೆ?

ಮೊನ್ನೆ ಭಾನುವಾರ ರಂಗನತಿಟ್ಟಿಗೆ ಹೋಗಿದ್ದೆ. ಸುದ್ದಿ ತರೋದಕ್ಕಲ್ಲ ಸ್ವಾಮಿ, ಅಕ್ಕನ ಮಕ್ಕಳಿಗೆ ಮೊಸಳೆ ತೋರಿಸೋದಕ್ಕೆ.

ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು, ಆಟೋ ಹಿಡಿದು, ಕ್ಯೂ ನಿಂತು ಅಂತೂ ದೋಣಿ ಹತ್ತಿದೆವು. ಹುಟ್ಟು ಹಾಕುತ್ತಿದ್ದವರು ಐವತ್ತು ದಾಟಿದ ಮನುಷ್ಯ. ದೋಣಿ ಬಿಡುವ ಮೊದಲೇ ಗಲಾಟೆ ಶುರು. ಒಬ್ಬ ಮಹಾಶಯರ ಮೊಬೈಲಿನಲ್ಲಿ ಸಿನಿಮಾ ಹಾಡು. ಉಳಿದವರದು 'ಮೊಸಳೆ ಎಲ್ಲಿ, ಮೊಸಳೆ ಎಲ್ಲಿ' ಎಂಬ ಒಂದೇ ರಾಗ.

ಒಂದು ನಡುಗಡ್ಡೆ ಹತ್ತಿರ ಅಂಬಿಗರು ಹುಟ್ಟು ಎತ್ತಿ ಹಿಡಿದರು. "ಸುಮ್ಕಿರಿ ಸಾ, ಆ ಬಾಗಿದ ಕೊಂಬೆ ನೋಡಿ" ಅಂದರು, ಪಿಸುಮಾತಿನಲ್ಲಿ.

ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಹೆಮ್ಮಿಂಚುಳ್ಳಿ! ನಮ್ಮ ಕೆರೆ ಬಾವಿಗಳ ಹತ್ತಿರ ಕೂರುವ ಮಿಂಚುಳ್ಳಿಗೆ ದೊಡ್ಡಣ್ಣ. ಹತ್ತಿರ ಹತ್ತಿರ ಪಾರಿವಾಳದ ಗಾತ್ರ. ಕಂದು ತಲೆ, ನೀಲಿ ರೆಕ್ಕೆ, ಹಳದಿ ಹೊಟ್ಟೆ, ಇವೆಲ್ಲಕ್ಕೂ ಮುಂದೆ ರಕ್ತಗೆಂಪಿನ ಭರ್ಜರಿ ಕೊಕ್ಕು. ಕತ್ತು ಬಗ್ಗಿಸಿ ನೀರನ್ನೇ ನೋಡುತ್ತಿತ್ತು. ಅಲ್ಲಾಡಲಿಲ್ಲ. ರೇಷ್ಮೆ ಅಂಗಡಿಯಲ್ಲೂ ನಾನು ಅಂಥ ನೀಲಿ ಕಂಡಿಲ್ಲ.

ಅಷ್ಟರಲ್ಲಿ ಯಾರೋ "ಅಯ್ಯೋ ನೋಡ್ರೋ!" ಅಂತ ಕಿರುಚಿದರು. ಎಲ್ಲರೂ ಎದ್ದರು, ದೋಣಿ ವಾಲಿತು. "ಇನ್ನೂ ಹತ್ರ ಹೋಗಪ್ಪಾ" ಅಂತ ಕೂಗಿದವರಲ್ಲಿ ನಾನೂ ಒಬ್ಬ, ಸುಳ್ಳು ಹೇಳೋದಿಲ್ಲ. ಹಕ್ಕಿ ಬೈದ ಹಾಗೆ ಕೂಗಿ ಹಾರಿಹೋಯಿತು.

ನಮಗೆ ಹೋದದ್ದು ಒಂದು ಫೋಟೋ. ಅದಕ್ಕೆ? ಅಂಗಡಿಯವರಿಗೆ ಇದು ಬೇಗ ಅರ್ಥವಾದೀತು. ಬೆಳಿಗ್ಗೆಯಿಂದ ಕಾದು ಬೋಣಿ ಗಿರಾಕಿ ಮೆಟ್ಟಿಲು ಹತ್ತುವ ಹೊತ್ತಿಗೆ ಬೀದಿಯಲ್ಲಿ ಯಾರೋ ಪಟಾಕಿ ಹೊಡೆದರೆ ಹೇಗಿರುತ್ತೆ? ಮೀನು ಮೇಲೆ ಬರುವ ತನಕ ಕಾಯುವುದೇ ಅದರ ವ್ಯಾಪಾರ. ಗೂಡು ಕಟ್ಟುವ ಕಾಲದಲ್ಲಿ ಇನ್ನೂ ಕಷ್ಟ. ಬೆದರಿದ ಕೊಕ್ಕರೆ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತೆ, ಕಾಗೆ ಕಾದೇ ಇರುತ್ತೆ.

ಈ ತಿಟ್ಟುಗಳು ಇವತ್ತಿನವಲ್ಲ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ಆದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರಿದ್ದು ಹಕ್ಕಿಗಳಿಗೆ ಗೊತ್ತಿಲ್ಲ, ಬಿಡಿ.

ವಾಪಸ್ ಬರುವಾಗ ಕೇಳಿದೆ, "ನೀವು ಗದರಿಸಬಾರದೇ?" ಅಂಬಿಗರು ನಕ್ಕರು. "ದುಡ್ಡು ಕೊಟ್ಟಿದೀವಿ ಅಂತಾರೆ ಸಾ."

ಬಸ್ಸಿನಲ್ಲಿ ನಾವು ಟಿಕೆಟ್ಟಿಗೆ ದುಡ್ಡು ಕೊಡುವುದಿಲ್ಲವೇ? ಆದರೂ ಫುಟ್‌ಬೋರ್ಡಿನಲ್ಲಿ ನೇತಾಡಿದರೆ ಕಂಡಕ್ಟರ್ ಸೀಟಿ ಊದುತ್ತಾರೆ, ಬಸ್ಸು ನಿಲ್ಲುತ್ತೆ. ಆ ಅಧಿಕಾರ ಅಂಬಿಗರಿಗೂ ಇರಲಿ. ಹಾಡು ಹಾಕಿದರೆ, ಎದ್ದು ನಿಂತರೆ ಒಂದು ಸಲ ಹೇಳಲಿ. ಕೇಳದಿದ್ದರೆ ದೋಣಿ ದಡಕ್ಕೆ ತಿರುಗಿಸಲಿ, ಟಿಕೆಟ್ ದುಡ್ಡು ವಾಪಸ್ ಬೇಡ. ಇದನ್ನು ಟಿಕೆಟ್ ಕೊಡುವ ಕಿಟಕಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಲಿ. ಮೊದಲ ದಿನವೇ ನನ್ನ ದೋಣಿ ತಿರುಗಿಸಿದರೂ ತಕರಾರಿಲ್ಲ.

ಅಕ್ಕನ ಕಿರಿಮಗಳು ಮನೆಗೆ ಬಂದು ಆ ಹಕ್ಕಿಯ ಚಿತ್ರ ಬರೆದಳು. ಕೊಕ್ಕಿಗೆ ಕೆಂಪು ಪೆನ್ಸಿಲ್ ಪೂರ್ತಿ ಸವೆಸಿದ್ದಾಳೆ. ಮೊಸಳೆ ನೆನಪೇ ಇಲ್ಲ ಅವಳಿಗೆ.