ಹೆಸರು ಬೈಗುಳವಾದ ಬಗೆ

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಕಲಿಸಿದವನು. ಪ್ರತಿವರ್ಷವೂ ಕರಿಹಲಗೆಯ ಮೇಲೆ ಒಂದು ವಾಕ್ಯವನ್ನು ತಪ್ಪದೆ ಬರೆದಿದ್ದೇನೆ: 1492ರಲ್ಲಿ ಕೊಲಂಬಸನು ಅಮೆರಿಕವನ್ನು ಕಂಡುಹಿಡಿದನು. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ನಾನು ಪೂರ್ಣ ಅಂಕ ಕೊಟ್ಟೆ. ಜನ ಬಾಳಿಕೊಂಡಿದ್ದ ಮನೆಯ ಹೊಸ್ತಿಲು ದಾಟಿ ಬಂದವನು, ‘ಈ ಮನೆಯನ್ನು ನಾನು ಕಂಡುಹಿಡಿದೆ’ ಎಂದರೆ ಅವನಿಗೆ ಏನೆನ್ನಬೇಕೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳುವಂತೆ ನಾನು ಕಲಿಸಲೂ ಇಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಈ ಮಾತುಗಳನ್ನು ಸಹೃದಯರ ಮುಂದಿಡುತ್ತಿದ್ದೇನೆ.

ಕೊಲಂಬಸನು ಧೈರ್ಯಶಾಲಿ ನಾವಿಕ. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ತಾನು ಮುಟ್ಟಿದ್ದು ಪೂರ್ವದೇಶಗಳ ದಂಡೆಯೆಂದು ಬಗೆದು, ಅಲ್ಲಿಯ ಜನರಿಗೆ ‘ಇಂಡಿಯನ್ನರು’ ಎಂದು ಹೆಸರಿಟ್ಟ. ಅವರು ಸೌಮ್ಯರು, ಕೇಳಿದ್ದನ್ನು ಕೊಡುವವರು ಎಂದು ದಿನಚರಿಯಲ್ಲಿ ಹೊಗಳಿದ. ಹೊಗಳಿಕೆಯ ಬೆನ್ನಿಗೇ, ಇವರು ಒಳ್ಳೆಯ ಸೇವಕರಾಗಬಲ್ಲರು ಎಂದೂ ಬರೆದ. 1495ರಲ್ಲಿ ಅವರಲ್ಲಿ ಸುಮಾರು 500 ಜನರನ್ನು ಹಿಡಿದು, ಗುಲಾಮರನ್ನಾಗಿ ಮಾರಲು ಹಡಗುಗಳಲ್ಲಿ ಸ್ಪೇನಿಗೆ ಕಳುಹಿಸಲಾಯಿತು. ಸುಮಾರು 200 ಜನ ದಾರಿಯಲ್ಲೇ ಸತ್ತರು.

ಎದುರು ನಿಂತವರಿಗೆ ಬೇರೊಂದು ಹೆಸರು ಸಿಕ್ಕಿತು. ಕ್ಯಾರಿಬ್ ಎಂಬ ಜನಾಂಗದ ಹೆಸರೇ ಸ್ಪೇನಿಗರ ಬಾಯಲ್ಲಿ ರೂಪಾಂತರಗೊಂಡು ಯುರೋಪಿನ ಭಾಷೆಗಳಲ್ಲಿ ‘ಕ್ಯಾನಿಬಲ್’, ಎಂದರೆ ನರಭಕ್ಷಕ, ಎಂಬ ಪದವಾಯಿತು. 1503ರಲ್ಲಿ ರಾಣಿ ಇಸಬೆಲ್ಲಾ ಅಂಥವರನ್ನು ಸೆರೆಹಿಡಿದು ಮಾರಬಹುದೆಂದು ಅಪ್ಪಣೆ ಕೊಟ್ಟಳು. ಅಲ್ಲಿಂದ ಮುಂದೆ ಯಾವ ದ್ವೀಪದ ಜನ ಬೇಕಾದರೂ ಅವರು ನರಭಕ್ಷಕರೆಂದು ಬರೆದರೆ ಸಾಕಾಯಿತು. ವರ್ಣನೆಯೇ ಅಪ್ಪಣೆಪತ್ರವಾಯಿತು. ಇದರ ವಿರುದ್ಧ ದನಿಯೆತ್ತಿ 1552ರಲ್ಲಿ ಪುಸ್ತಕ ಪ್ರಕಟಿಸಿದ ಲಾಸ್ ಕಾಸಾಸ್ ಕೂಡ ಸ್ಪೇನಿನ ಪಾದ್ರಿಯೇ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಕಡಲಾಚೆಯ ಈ ಕಥೆ ಗಡಹಿಂಗ್ಲಜ, ಇಚಲಕರಂಜಿಗಳಲ್ಲಿ ಬಾಳುವ ಕನ್ನಡಿಗರಿಗೇಕೆ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ಓಣಿಯಲ್ಲೇ ಇದೆ. ನಮ್ಮ ಭಾಗದ ಬೇಡರನ್ನು ಮರಾಠಿಯಲ್ಲಿ ‘ಬೇರಡ’ ಎನ್ನುತ್ತಾರೆ. ಅದೇ ಮಾತು ನಾಚಿಕೆಗೆಟ್ಟವನು, ಯಾವುದಕ್ಕೂ ಹೇಸದವನು ಎಂಬ ಅರ್ಥದ ಬೈಗುಳವೂ ಆಗಿದೆ. ಮರಾಠಿಗರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕನ್ನಡ ಮಾತಾಡುವ ಮನೆಗಳಲ್ಲೂ ಹಠಮಾರಿ ಮಗುವನ್ನು ಆ ಹೆಸರಿನಿಂದ ಗದರಿಸುವುದನ್ನು ಕಿವಿಯಾರೆ ಕೇಳಿದ್ದೇನೆ. ಕ್ಯಾರಿಬರ ಹೆಸರಿಗೆ ಆದದ್ದೇ ಬೇಡರ ಹೆಸರಿಗೂ ಆಯಿತು.

ಈ ಬೇಡರು ಯಾರು? ಎಷ್ಟೋ ಹಳ್ಳಿಗಳಲ್ಲಿ ತಳವಾರಿಕೆ ಮಾಡಿ ರಾತ್ರಿಯೆಲ್ಲ ಊರು ಕಾದವರು. ಊರು ತನ್ನ ಕಣಜವನ್ನು ಯಾರ ಕಾವಲಿಗೆ ಒಪ್ಪಿಸಿ ನಿದ್ರಿಸಿತೋ ಅವರನ್ನೇ ಕಳ್ಳರೆಂದು ಕರೆಯಿತು. ಬೇಡರ ಕಣ್ಣಪ್ಪನ ಭಕ್ತಿಯನ್ನು ಕೊಂಡಾಡುತ್ತ ಕಣ್ಣೀರಿಡುವ ನಾವು, ಅವನ ಕುಲದವನು ಬಾಡಿಗೆಗೆ ಕೋಣೆ ಕೇಳಿದರೆ ಎರಡು ಬಾರಿ ಯೋಚಿಸುತ್ತೇವೆ.

1857ರಲ್ಲಿ ಆಂಗ್ಲರು ನಿಃಶಸ್ತ್ರೀಕರಣದ ಕಾಯಿದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಸರಕಾರದ ಕಾಗದಗಳಲ್ಲಿ ಅವರು ದಂಗೆಕೋರರು. ನಮ್ಮ ಲಾವಣಿಕಾರರ ಬಾಯಲ್ಲಿ ವೀರರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ. ಇಲ್ಲಿಯೂ ಎಲ್ಲ ಬಿಳಿಯರೂ ಒಂದೇ ಅಚ್ಚಿನವರಾಗಿರಲಿಲ್ಲ.

ಆದರೆ ಆಳಿದ್ದು ಲಾವಣಿಯಲ್ಲ, ಪಟ್ಟಿ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವೆಂದು ಬಗೆಯಿತು. 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಅದರ ಬಾಗಿಲು ತೆರೆಯಿತು. ‘ಹಾಜರಿ’ ಎಂಬ ಪದ್ಧತಿಯಂತೆ ಗಂಡಸರು ಗೊತ್ತಾದ ಹೊತ್ತಿಗೆ ಚಾವಡಿಗೆ ಬಂದು ಹೆಸರು ಕೂಗಿಸಿಕೊಳ್ಳಬೇಕಿತ್ತು. ಬಾರದಿದ್ದರೆ ಅದೇ ಗುನ್ಹೆ. ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಮಹಾರ, ಮಾಂಗ, ರಾಮೋಶಿ, ಬೇರಡರ ಮೇಲಿನ ಈ ಹಾಜರಿಯನ್ನು ರದ್ದು ಮಾಡಿದರು. ಇಡೀ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತೊಲಗಲು 1952ರ ಆಗಸ್ಟ್ 31ರವರೆಗೆ ಕಾಯಬೇಕಾಯಿತು.

ಕಾಯಿದೆ ತೊಲಗಿತು, ನಮ್ಮ ನಾಲಗೆಯಿಂದ ತೊಲಗಲಿಲ್ಲ. ಸಾಕ್ಷಿ ನಾನೇ. ನೌಕರಿಯ ಮೊದಲ ವರ್ಷಗಳಲ್ಲಿ ತರಗತಿಯಲ್ಲಿ ಸಂಗ್ರಹಿಸಿದ ಪರೀಕ್ಷಾ ಫೀಯ ಹಣ ಕಾಣೆಯಾಯಿತು. ನಲವತ್ತು ಮಕ್ಕಳಲ್ಲಿ ನಾನು ಚೀಲ ಝಾಡಿಸಿದ್ದು ಒಬ್ಬನದು ಮಾತ್ರ, ಬೇಡರ ಹುಡುಗನದು. ಅದರಲ್ಲಿದ್ದುದು ಒಂದು ಪಾಟಿ, ಅರ್ಧ ರೊಟ್ಟಿ. ಮರುದಿನ ಹಾಜರಿ ಪುಸ್ತಕದ ಪುಟಗಳ ನಡುವೆ ಹಣ ಸಿಕ್ಕಿತು, ಇಟ್ಟವನು ನಾನೇ. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಅವನ ಮನೆಗೆ ಹೋಗಿ ತಪ್ಪಾಯಿತೆನ್ನಲು ನನ್ನ ಗುರುತನ ಅಡ್ಡ ಬಂತು. ಕೆಲವು ತಿಂಗಳ ನಂತರ, ನಿಯಮದ ಪ್ರಕಾರ, ಅವನ ಹೆಸರನ್ನು ಕೆಂಪು ಶಾಯಿಯಿಂದ ನಾನೇ ಹೊಡೆದುಹಾಕಿದೆ.

‘ಅವರಲ್ಲಿ ಕಳ್ಳರಿರಲಿಲ್ಲವೇ?’ ಎನ್ನುತ್ತಾರೆ. ಇದ್ದರು, ನಮ್ಮೆಲ್ಲರ ಜಾತಿಗಳಲ್ಲೂ ಇದ್ದಾರೆ. ನಮ್ಮಲ್ಲಿ ಕದ್ದವನೊಬ್ಬ ಕಳ್ಳ. ಅವರಲ್ಲಿ ಒಬ್ಬ ಕದ್ದರೆ ಕುಲವೇ ಕಳ್ಳ. ‘ಅಮೆರಿಕದ ಸಂಹಾರಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?’ ಎಂದೂ ಕೇಳುತ್ತಾರೆ. ಪ್ರಮಾಣದಲ್ಲಿ ಹೋಲಿಕೆಯಿಲ್ಲ, ಒಪ್ಪಿದೆ. ಆದರೆ ಎರಡೂ ಕಡೆ ಮೊದಲ ಹೆಜ್ಜೆ ಒಂದೇ: ಒಂದು ಜನವನ್ನು ಕೇಳದೆಯೇ ಅವರು ಇಂಥವರೆಂದು ಬರೆದಿಡುವುದು. ‘ಹಳೆಯದನ್ನು ಕೆದಕುವುದೇಕೆ?’ ಎಂಬವರಿಗೆ ನನ್ನ ಉತ್ತರ, ಬೈಗುಳ ಇನ್ನೂ ಹಳೆಯದಾಗಿಲ್ಲ.

ಗಡಿಯ ಈಚೆಗೆ ಉಳಿದ ಕನ್ನಡಿಗರಾದ ನಮ್ಮನ್ನು ಪರರು ತಮಗೆ ತೋಚಿದಂತೆ ಬಣ್ಣಿಸಿದಾಗ ನಾವು ನೊಂದಿದ್ದೇವೆ, ಸಭೆ ಸೇರಿ ಪ್ರತಿಭಟಿಸಿದ್ದೇವೆ. ಆ ನೋವನ್ನು ಬಲ್ಲವರು ಅದನ್ನೇ ಇನ್ನೊಬ್ಬರಿಗೆ ಹಂಚಬಾರದು. ಬೆಳಗಾವಿಯ ಬಳಿಯ ಯಮನಾಪುರದ ಭೀಮರಾವ ಗಸ್ತಿಯವರು ‘ಬೇರಡ’ ಎಂಬ ಹೆಸರಿನಲ್ಲೇ ಮರಾಠಿಯಲ್ಲಿ ಆತ್ಮಕಥೆ ಬರೆದು ಆ ಶಬ್ದವನ್ನು ಬೈದವರಿಗೇ ಹಿಂದಿರುಗಿಸಿದರು. ನಮ್ಮ ಎಷ್ಟು ಮನೆಗಳಲ್ಲಿ ಆ ಪುಸ್ತಕವಿದೆ?

ಸಂಘದ ಬಂಧುಗಳಲ್ಲಿ ನನ್ನ ಬೇಡಿಕೆ ಮೂರೇ. ಮನೆಯಲ್ಲಿ ಆ ಬೈಗುಳ ಇಂದಿಗೆ ನಿಲ್ಲಲಿ. ಮಕ್ಕಳಿಗೆ ಕೊಲಂಬಸನ ಪಾಠ ಹೇಳುವ ದಿನವೇ ಹಲಗಲಿಯ ಕಥೆಯನ್ನೂ ಹೇಳೋಣ. ಮುಂದಿನ ಸಮ್ಮೇಳನದ ವೇದಿಕೆಗೆ ನಮ್ಮ ತಾಲೂಕಿನ ಬೇಡ ಸಮಾಜದ ಹಿರಿಯರನ್ನು ಕರೆಯೋಣ. ಹಾರ ಹಾಕಿ ಕಳುಹಿಸಲಿಕ್ಕಲ್ಲ, ಅವರು ಯಾರೆಂಬುದನ್ನು ಅವರ ಬಾಯಿಂದಲೇ ಕೇಳಲಿಕ್ಕೆ. ಆ ಸಭೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಇದ್ದರೆ, ಅಂದು ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲಿ ಬಾಕಿಯಿದೆ.